ಗದ್ದೆಗೆ ಸೀಟು ಕೊಡುವುದಿಲ್ಲ

ಕೇಳದೆ ಸಲಹೆ ಕೊಡುವುದು ಮುದುಕರ ಕಾಯಿಲೆ. ಸಕ್ಕರೆ ಕಾಯಿಲೆಗಾದರೂ ಮಾತ್ರೆಯಿದೆ, ಇದಕ್ಕಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಮನೆಯ ಮಕ್ಕಳು ಎಲ್ಲಿ ಓದಬೇಕೆಂದು ನಾನೇ ತೀರ್ಮಾನಿಸುತ್ತಿದ್ದೆ. ಗಡಿ ದಾಟಿದರೆ ಆಂಧ್ರದ ಆದೋನಿ, ನನ್ನ ಹೆಂಡತಿಯ ತವರು. ಅಲ್ಲಿನ ಮೇಷ್ಟ್ರುಗಳು ಮಕ್ಕಳನ್ನು ನಿದ್ದೆಗೆಡಿಸಿ ಓದಿಸುತ್ತಾರೆಂದು ಮೊದಲು ಮಗನನ್ನು, ಆಮೇಲೆ ಮೊಮ್ಮಗಳು ಅಕ್ಷತಾಳನ್ನು ಹತ್ತನೆಯ ತರಗತಿಯವರೆಗೆ ಅಲ್ಲೇ ಬಿಟ್ಟೆ.

ಸೊಸೆ ನೀಲಮ್ಮ ಆಗಲೇ, "ನಾನು ಕುರುಗೋಡಿನಾಗ ಕಲಿತಿಲ್ಲೇನ್ರಿ ಮಾವಾರ? ನಮ್ಮ ಕೂಸು ಇಲ್ಲೇ ಕಲಿಯವಲ್ಲದ್ಯಾಕ?" ಎಂದಿದ್ದಳು.

"ಕಲಿತು ಏನ್ ಮಾಡೀಯವಾ? ರೊಟ್ಟಿ ಬಡಿಯಾಕತ್ತೀ" ಎಂದು ಬಾಯಿ ಮುಚ್ಚಿಸಿದ್ದೆ. ಪಿಯುಸಿಗೆ ಮಾತ್ರ ಹುಡುಗಿ ಹಟ ಹಿಡಿದು ಬಳ್ಳಾರಿ ಸೇರಿಕೊಂಡಳು.

ಈ ವರ್ಷ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂತು. ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲೂ ನಮ್ಮ ರಾಜ್ಯದ ಮಕ್ಕಳಿಗೆಂದು ಒಂದಷ್ಟು ಸೀಟುಗಳಿವೆ. ಆ ಸಾಲಿನಲ್ಲಿ ನಿಂತರೆ ಸೀಟು ಖಂಡಿತ. ಅದು ತಪ್ಪಿದರೆ ದೇಶದವರೆಲ್ಲ ನುಗ್ಗುವ ಸಾಲು. ಅಲ್ಲಿ ಅವಳ ಅಂಕ ಸಾಲದು, ಸಾಲಿದರೂ ಶುಲ್ಕಕ್ಕೆ ನಮ್ಮ ಕೈ ಸಾಲದು.

ಅಕ್ಷತಾಳನ್ನೂ ಸೊಸೆಯನ್ನೂ ಕರೆದುಕೊಂಡು ಬಳ್ಳಾರಿಗೆ ಹೋದೆ. ಅಲ್ಲಿ ದಾಖಲೆ ನೋಡುವ ಹೆಣ್ಣುಮಗಳು ಕೇಳಿದಳು: "ಅಜ್ಜಾರ, ನಿಮ್ಮ ಮೊಮ್ಮಗಳು ಕರ್ನಾಟಕದಾಗ ಎಷ್ಟು ವರ್ಷ ಓದ್ಯಾಳ?"

"ನಮ್ಮ ಮುತ್ತಜ್ಜನ ಕಾಲದಿಂದ ಇಲ್ಲೇ ಅದೀವಿ. ಕೆಂಚನಗುಡ್ಡದ ಹೊಳಿ ದಂಡ್ಯಾಗ ಗದ್ದಿ ಐತಿ" ಎಂದೆ, ಎದೆಯುಬ್ಬಿಸಿ.

"ಗದ್ದಿಗೆ ಸೀಟ್ ಕೊಡಂಗಿಲ್ರಿ, ಹುಡುಗಿಗೆ ಕೊಡ್ತೀವಿ. ಏಳು ವರ್ಷ ಇಲ್ಲಿ ಓದಿರಬೇಕು. ಇಲ್ಲಾಂದ್ರ ಪಿಯುಸಿ ಇಲ್ಲಿ ಆಗಿದ್ದು, ಅಪ್ಪ ಅವ್ವನಾಗ ಒಬ್ರು ಏಳು ವರ್ಷ ಇಲ್ಲಿ ಓದಿರಬೇಕು."

ಅಪ್ಪನೂ ಆದೋನಿ. ಅವನನ್ನು ಅಲ್ಲಿಗೆ ಕಳಿಸಿದ ಮಹಾಶಯ ಯಾರೆಂದು ಮತ್ತೆ ಹೇಳಬೇಕಿಲ್ಲ. ಅಕ್ಷತಾ ತಲೆ ತಗ್ಗಿಸಿ ದುಪಟ್ಟಾದ ಅಂಚನ್ನು ಸುತ್ತುತ್ತಿದ್ದಳು. ನನಗೆ ಸರ್ಕಾರದ ಮೇಲೆ ಸಿಟ್ಟು, ಗಡಿ ಎಳೆದವರ ಮೇಲೆ ಸಿಟ್ಟು, ತಲೆಯ ಮೇಲೆ ತಿರುಗುತ್ತಿದ್ದ ಬಡಪಾಯಿ ಫ್ಯಾನಿನ ಮೇಲೂ ಸಿಟ್ಟು.

ಅಷ್ಟರಲ್ಲಿ ಹಿಂದಿನಿಂದ ನೀಲಮ್ಮ ಮೆಲ್ಲಗೆ, "ಹತ್ತೂ ವರ್ಷ ಕುರುಗೋಡಿನಾಗ ಓದೀನ್ರಿ ಮೇಡಮ್ಮಾರ. ನಡೀತೈತೇನು?" ಎಂದಳು.

"ಚಲೋ ನಡೀತೈತ್ರಿ. ಸಾಲ್ಯಾಗ ಓದಿದ ಸರ್ಟಿಫಿಕೇಟ್ ಬರಸ್ಕೊಂಡು ಬರ್ರಿ."

ಮರುದಿನ ನೀಲಮ್ಮನ ಹಿಂದೆ ನಾನೂ ಕುರುಗೋಡಿನ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಜಾಗವನ್ನು ಅವಳು ನನಗೇ ಬಿಟ್ಟುಕೊಟ್ಟಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಶಾಲೆಯ ಹೆಡ್‌ಮಾಸ್ತರು ನನ್ನ ಕಡೆ ನೋಡಿ, "ಇವರು ಯಾರವಾ?" ಎಂದರು.

"ನಮ್ಮ ಮಾವಾರ್ರಿ. ನಮ್ಮ ಸಾಲಿ ನೋಡಬೇಕಂತ ಭಾಳ ಆಸೆ ಇತ್ತು ಅವರಿಗೆ" ಎಂದಳು.

ನಾನು ಕಿಟಕಿ, ಗೋಡೆ, ಹಲಗೆಗಳನ್ನೆಲ್ಲ ಭಕ್ತಿಯಿಂದ ನೋಡಿದೆ.

ಸೀಟು ಸಿಕ್ಕಿತು. ಮೊನ್ನೆ ತೆಕ್ಕಲಕೋಟೆಯಿಂದ ಬಂದ ನೆಂಟನೊಬ್ಬ, "ಮೊಮ್ಮಗಳನ್ನ ಡಾಕ್ಟರ್ ಮಾಡಾಕತ್ತೀರಿ, ಹೆಂಗ ಸಾಧಿಸಿದ್ರಿ? ನಮ್ಮ ಹುಡುಗನಿಗೂ ಒಂದೀಟು ದಾರಿ ಹೇಳ್ರಿ" ಎಂದ. ನಾನು ದಿಂಬಿಗೆ ಒರಗಿ, ಗಂಟಲು ಸರಿಮಾಡಿಕೊಂಡು, "ನೋಡಪಾ, ಮಕ್ಕಳ ಓದಿನ ವಿಚಾರದಾಗ ನಾನು ಮೊದಲಿಂದಾನೂ..." ಎಂದು ಶುರುಮಾಡಿದೆ. ಒಳಗೆ ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು.

"ನಮ್ಮ ಸೊಸೀನ ಕೇಳಪಾ" ಎಂದೆ.