ಅತ್ತೆಯ ಹೊಸ ಹಾಡು

ಕೂದಲು ನೆರೆತದ್ದನ್ನು ಕನ್ನಡಿ ಹೇಳುತ್ತದೆ, ಮಂಡಿ ಸವೆದದ್ದನ್ನು ಮೆಟ್ಟಿಲು ಹೇಳುತ್ತದೆ. ಹಾಡುಗಳು ನಮ್ಮನ್ನು ಹಿಂದೆ ಬಿಟ್ಟು ಹೋದದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ಒಂದು ದಿನ ನಾಲ್ಕು ಜನರ ಎದುರು ನಾವೇ ಕಂಡುಕೊಳ್ಳಬೇಕು. ನನಗೆ ಆ ಜ್ಞಾನೋದಯ ಚಾಮರಾಜಪೇಟೆಯ ಒಂದು ಛತ್ರದಲ್ಲಿ ಆಯಿತು.

ನಮ್ಮ ಬಂಧುಬಳಗದಲ್ಲಿ ಹಾಡಿನ ಖಾತೆ ಮೊದಲಿನಿಂದಲೂ ನನ್ನದು. ಕಾಲೇಜಿನಲ್ಲಿದ್ದಾಗ ಉಪ್ಪಾರಪೇಟೆಯ ಕ್ಯಾಸೆಟ್ ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತು ಬೇಕಾದ ಹಾಡುಗಳನ್ನೆಲ್ಲ ತುಂಬಿಸಿಕೊಂಡು ಬರುತ್ತಿದ್ದೆ. ನನ್ನ ಮದುವೆಯಲ್ಲೂ ಮೈಕ್‌ಸೆಟ್‌ನವನ ಪಕ್ಕ ಕೂತು, ಮುಂದಿನ ಹಾಡು ಯಾವುದೆಂದು ಅವನೊಡನೆ ವಾದಿಸುತ್ತಿದ್ದೆನಂತೆ. ಮುಹೂರ್ತಕ್ಕೆ ಮದುಮಗನನ್ನು ಹುಡುಕಿಸಬೇಕಾಯಿತು ಎಂದು ನನ್ನ ಹೆಂಡತಿ ಮಂಜುಳಾ ನಾವಿರುವ ಎನ್.ಆರ್. ಕಾಲೋನಿಯ ಅರ್ಧ ಜನಕ್ಕೆ ಹೇಳಿ ಮುಗಿಸಿದ್ದಾಳೆ. ಉಳಿದರ್ಧ ಜನರಿಗೆ ಅವಳಮ್ಮ, ಅಂದರೆ ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ ಪುಟ್ಟಮ್ಮನವರು ಹೇಳಿದ್ದಾರೆ.

ಹಾಗಾಗಿ ಅಕ್ಕನ ಮಗಳು ಸಹನಾಳ ಮದುವೆ ಗೊತ್ತಾದಾಗ, ಅರಿಶಿನ ಶಾಸ್ತ್ರದ ಹಾಡುಗಳು ನನ್ನ ಜವಾಬ್ದಾರಿ ಎಂದು ಯಾರೂ ಕೇಳದೆಯೇ ಘೋಷಿಸಿಬಿಟ್ಟೆ. ಅದನ್ನು ಈಗ ‘ಹಳದಿ ಫಂಕ್ಷನ್’ ಎನ್ನಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ. ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಶಾಸ್ತ್ರದ ದಿನ ಛತ್ರದ ಸ್ಪೀಕರಿಗೆ ಪೆನ್‌ಡ್ರೈವ್ ಸಿಕ್ಕಿಸಿ ಮೊದಲ ಹಾಡು ಹಾಕಿದೆ. ಬೀಗರ ಕಡೆಯ ಹಿರಿಯರೊಬ್ಬರು ಕಣ್ಣು ಮುಚ್ಚಿ ತಲೆದೂಗಿದರು. ನನಗೆ ಹೆಮ್ಮೆ. ಸ್ವಲ್ಪ ಹೊತ್ತಿಗೆ ಅವರು ಗೊರಕೆ ಹೊಡೆಯತೊಡಗಿದರು. ಹಳದಿ ಬಟ್ಟೆ ತೊಟ್ಟ ಹುಡುಗ ಹುಡುಗಿಯರೆಲ್ಲ ಬಸ್ಸಿಗೆ ಕಾಯುವವರಂತೆ ಸುಮ್ಮನೆ ನಿಂತಿದ್ದರು. ಸಹನಾ ಕೆನ್ನೆಯ ಅರಿಶಿನದೊಂದಿಗೇ ಹತ್ತಿರ ಬಂದಳು.

“ಮಾವ, ಬೇಜಾರ್ ಮಾಡ್ಕೋಬೇಡಿ. ಈ ಹಾಡು ಕೇಳಿದ್ರೆ ನಾಳೆ ಅಳೋದು ಇವತ್ತೇ ಅತ್ಬಿಡ್ತೀನಿ. ಯಾವ್ದಾದ್ರೂ ಹೊಸದು ಹಾಕಿ.”

“ಹೊಸದಾ? ಇರು” ಎಂದು, ಇಂಥ ಸಮಯಕ್ಕೆಂದೇ ಇಟ್ಟುಕೊಂಡಿದ್ದ ಒಂದನ್ನು ಹಾಕಿದೆ. ಅವಳ ಗೆಳತಿಯ ಮುಖ ಅರಳಿತು. “ಅಯ್ಯೋ ಅಂಕಲ್, ನಮ್ಮಮ್ಮ ನನ್ನ ಮಲಗಿಸೋಕೆ ಇದನ್ನೇ ಹಾಡ್ತಿದ್ರಂತೆ!”

ಅಲ್ಲಿಗೆ ನನ್ನ ಖಾತೆ ಕೈತಪ್ಪಿತು. ಯಾರೋ ತಮ್ಮ ಮೊಬೈಲನ್ನು ಸ್ಪೀಕರಿಗೆ ಜೋಡಿಸಿದರು. ಛತ್ರದ ಕಿಟಕಿಗಳು ಅದುರಿದವು, ಹಿರಿಯರ ಗೊರಕೆ ನಿಂತಿತು, ಇಡೀ ಗುಂಪು ಕುಣಿಯತೊಡಗಿತು. ನಾನು ಗೋಡೆ ಬದಿಯ ಕುರ್ಚಿಯಲ್ಲಿ ಕುಸಿದೆ. ಹಾಡಿನಲ್ಲಿ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಹೆಚ್ಚಾಗಿ, ನನ್ನದೇ ಮನೆಗೆ ಹೋಗಿ ಬೆಲ್ ಒತ್ತಿ, ಯಾರು ಬೇಕು ಎಂದು ಕೇಳಿಸಿಕೊಂಡಂತಾಗಿತ್ತು. ನನ್ನ ಪಕ್ಷಕ್ಕೆ ಒಬ್ಬರಾದರೂ ಸಿಗಲೆಂದು, “ಏನತ್ತೆ, ಇದೂ ಒಂದು ಹಾಡಾ?” ಎನ್ನುತ್ತ ಪಕ್ಕಕ್ಕೆ ತಿರುಗಿದೆ. ಅತ್ತೆಯ ಕುರ್ಚಿ ಖಾಲಿ!

ಎಪ್ಪತ್ತೆಂಟರ ಪುಟ್ಟಮ್ಮನವರು ಗುಂಪಿನ ನಡುವೆ ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಗಾಳಿಯನ್ನು ರುಬ್ಬುತ್ತಿದ್ದರು. ಹುಡುಗಿಯರೂ ಹಾಗೆಯೇ ರುಬ್ಬುತ್ತಿದ್ದುದರಿಂದ ಅದು ಆ ಹಾಡಿನ ಸ್ಟೆಪ್ಪೇ ಎಂದು ತಿಳಿಯಿತು. ಬಾಯಲ್ಲಿ ಹಾಡು ಬೇರೆ! ಮಧ್ಯಾಹ್ನದ ಹೊತ್ತು ಅತ್ತೆ ಮೊಬೈಲಿನಲ್ಲಿ ಪ್ರವಚನ ಕೇಳುತ್ತಾರೆಂದು ನಾನು ನಂಬಿಕೊಂಡಿದ್ದೆ.

ದಣಿವಾರಿಸಿಕೊಳ್ಳಲು ಬಂದವರನ್ನು ಕೇಳಿದೆ, “ಆ ಹಾಡೋನು ಅದೇನು ಹೇಳ್ತಾನೆ ಅಂತಾದ್ರೂ ಗೊತ್ತಾ ಅತ್ತೆ?”

“ಗೊತ್ತಿಲ್ದೆ ಏನು? ಪಾಪ, ಆ ಹುಡ್ಗಿ ಇವನ ನಂಬರ್ ಬ್ಲಾಕ್ ಮಾಡ್ಬುಟ್ಟವಳೆ. ಅದ್ಕೆ ಅವಳ ಬೀದೀಲಿ ನಿಂತ್ಕಂಡು ಕೂಗ್ತಾವ್ನೆ. ಎದ್ದೇಳಿ ಅಳಿಯಂದ್ರೆ, ವಯಸ್ಸಾದೋರ ಥರ ಕೂತ್ಕಬ್ಯಾಡಿ!”

ಎಳೆದುಕೊಂಡೇ ಹೋದರು. ನಾನೂ ರುಬ್ಬಿದೆ. ಸಹನಾ ಶಿಳ್ಳೆ ಹೊಡೆದಳು, ಮಂಜುಳಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗುವಿಗಾಗಿ ಇನ್ನೊಂದು ಸುತ್ತು ರುಬ್ಬಿದೆ.

ಆಮೇಲೆ ಛಲ ಹುಟ್ಟಿತು. ಮನೆಯಲ್ಲಿ ಅತ್ತೆಯಿಂದ ಹಾಡಿನ ಅಷ್ಟೂ ಸಾಲು ಕಲಿತು, ಒಂದು ದಿನ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗನಿಗೆ ಕೇಳಿಸುವಂತೆ ಗುನುಗಿದೆ. ಅವನು ಕಂಪ್ಯೂಟರಿನಿಂದ ತಲೆಯೆತ್ತಿ, “ಸರ್, ನೀವಿನ್ನೂ ಇದನ್ನೇ ಹಾಡ್ತಿದೀರಾ? ನಮ್ಮಪ್ಪಂದೂ ಇದೇ ಕಾಟ” ಎಂದ.

ಸಂಜೆ ಮನೆಗೆ ಬಂದು ಅತ್ತೆಯ ಬಳಿ ದೂರಿದೆ. ಮೊಬೈಲಿನಿಂದ ಕಣ್ಣು ಕೀಳದೆ ಅವರು, “ಅದು ಹಳೇದಾಯ್ತಲ್ಲ, ಆಗ್ಲೇ ಬಿಟ್ಬುಟ್ಟೆ” ಎಂದರು. ನನ್ನ ಮುಖ ನೋಡಿ ಕನಿಕರ ಬಂತೋ ಏನೋ, ಮಂಚದಲ್ಲಿ ಸ್ವಲ್ಪ ಸರಿದು ಜಾಗ ಮಾಡಿದರು.

ನಾನು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತೆ.