ಟ್ರಯಲ್ ರೂಮಿನ ಹಕ್ಕಿಮರಿಯ ಬಗ್ಗೆ ಇನ್ಸ್‌ಪೆಕ್ಟರ್ ಸಾಹೇಬರಿಗೆ

ನಮ್ಮ ಟೈಲರಿಂಗ್ ಅಂಗಡಿ, ಅದರ ಹಿಂದಿನ ಮನೆ, ಹಾಗೂ ಹೊಲಿಯಲು ಬಂದ ಸಮಸ್ತ ಬಟ್ಟೆಗಳ ಮೇಲೆ ಮಲಗುವ ಹಕ್ಕು ಪಡೆದಿರುವ ಬೆಕ್ಕು ಮಹಾಶಯರಾದ ಇನ್ಸ್‌ಪೆಕ್ಟರ್ ಸಾಹೇಬರ ನಾಲ್ಕೂ ಪಾದಗಳಿಗೆ ಟೈಲರಮ್ಮನ ನಮಸ್ಕಾರಗಳು.

ಮಾನ್ಯರೇ,

ತಮ್ಮ ಮೀಸೆ ಕ್ಷೇಮ, ಬಾಲ ಕ್ಷೇಮ, ಹೊಟ್ಟೆಯಂತೂ ಅತಿ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಲು ಕಾರಣವಿಷ್ಟೆ: ನಾಲ್ಕು ದಿನಗಳಿಂದ ಮನೆಯೊಳಗೆ ಬಂದಿಯಾಗಿರುವ ತಾವು, ಬೀದಿಯಲ್ಲಿ ಹೋಗುವವರಿಗೆಲ್ಲ ಕಿಟಕಿಯಿಂದ ಗೋಳು ಹೇಳಿಕೊಳ್ಳುತ್ತಿದ್ದೀರಿ. ಕೇಳಿದವರು ನಾವು ತಮಗೆ ಹೊಟ್ಟೆಗೆ ಹಾಕುವುದಿಲ್ಲವೆಂದು ತಿಳಿದು ನನ್ನನ್ನು ಕೆಟ್ಟದಾಗಿ ನೋಡುತ್ತಿದ್ದಾರೆ. ಅವರಿಗೆ ನಮ್ಮ ಕಡೆಯ ಅಹವಾಲೂ ತಿಳಿಯಲಿ.

ಕಳೆದ ವಾರ ಒಂದು ಬೆಳಿಗ್ಗೆ ನಾನು ಬ್ಯಾಂಕ್ ಮ್ಯಾನೇಜರರ ಸೊಂಟದ ಅಳತೆ ತೆಗೆಯುತ್ತಿದ್ದಾಗ ತಾವು ಹಿತ್ತಲಿನಿಂದ ಬಾಲವೆತ್ತಿಕೊಂಡು ಬಂದು, ಬಾಯಲ್ಲಿದ್ದುದನ್ನು ಅವರ ಬೂಟಿನ ಮೇಲೆ ಕಾಣಿಕೆಯಾಗಿ ಇಟ್ಟಿರಿ. ಅಲ್ಲಿಯವರೆಗೆ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ ಅವರು ಬೆಚ್ಚಿ ಉಸಿರು ಬಿಟ್ಟದ್ದರಿಂದ ನನಗೆ ಅವರ ನಿಜವಾದ ಅಳತೆ ಸಿಕ್ಕಿತು. ಅದಕ್ಕೆ ನಾನು ತಮಗೆ ಋಣಿ. ಬೂಟಿನ ಮೇಲಿದ್ದುದು ಒಂದು ಕಂದು ಹಕ್ಕಿಮರಿ. ರೆಕ್ಕೆ ಅರ್ಧ ಬಂದಿತ್ತು, ಬಾಲ ಬಂದೇ ಇರಲಿಲ್ಲ, ಜೀವ ಮಾತ್ರ ಪೂರ್ತಿ ಇತ್ತು. ಕಾಜಾ ಹಾಕುತ್ತಿದ್ದ ಅತ್ತೆ ಸೂಜಿ ಹಿಡಿದುಕೊಂಡೇ ಓಡಿಬಂದು, "ಅಯ್ಯೋ ಪಾಪಿ, ಇದೇನೋ ತಂದೆ!" ಎಂದು ತಮ್ಮನ್ನು ಗೌರವಪೂರ್ವಕವಾಗಿ ವಿಚಾರಿಸಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಇಲಿಯ ಜಾಗಕ್ಕೆ ಯಾರನ್ನು ಬೇಕಾದರೂ ಕೂರಿಸಬಲ್ಲ ತಮ್ಮ ವಿಶಾಲ ಹೃದಯವನ್ನು ನಾವು ಅಂದೇ ಕಂಡೆವು.

ಮರಿಯನ್ನು ಒಯ್ದು ತೋರಿಸಿದಾಗ ಪ್ರಾಣಿಗಳ ಡಾಕ್ಟರಮ್ಮ ಅದರ ರೆಕ್ಕೆ ಬಿಡಿಸಿ, ಸೂಜಿ ಚುಚ್ಚಿದಷ್ಟು ಸಣ್ಣ ಹಲ್ಲಿನ ಗುರುತೊಂದನ್ನು ಹುಡುಕಿದರು. "ಬೆಕ್ಕಿನ ಎಂಜಲು ಹಕ್ಕಿಗೆ ವಿಷ ಇದ್ದ ಹಾಗೆ ಕಣ್ರೀ, ಐದು ದಿನ ಔಷಧಿ ಕೊಡಿ, ಆಮೇಲೆ ಸಿಕ್ಕಿದ ಕಡೇನೇ ಬಿಡಿ, ಅದರ ಅಪ್ಪ ಅಮ್ಮ ಅಲ್ಲೇ ಕಾಯ್ತಿರ್ತಾರೆ" ಎಂದರು. ತಾವು ದಿನಕ್ಕೆ ಹತ್ತು ಸಲ ಮೈಗೆಲ್ಲ ಬಳಿದುಕೊಂಡು, ಉಳಿದದ್ದನ್ನು ಪ್ರೀತಿಯಿಂದ ನನ್ನ ಕೆನ್ನೆಗೂ ಹಚ್ಚುವ ಪದಾರ್ಥದ ಮಹಿಮೆ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹುಳ ಸಿಗದಿದ್ದರೆ ಬೆಕ್ಕಿನ ಒಣ ತಿಂಡಿಯನ್ನೇ ನೀರಲ್ಲಿ ನೆನೆಸಿ ತಿನ್ನಿಸಬಹುದೆಂದೂ ಅವರು ಹೇಳಿದರು. ತಮ್ಮ ಡಬ್ಬದಿಂದ, ತಮ್ಮ ಕಣ್ಣೆದುರೇ, ತಾವು ಹಿಡಿದ ಹಕ್ಕಿಗೆ ಅರ್ಧ ಗಂಟೆಗೊಮ್ಮೆ ಊಟ ಹೋಗುವುದನ್ನು ನೋಡಿದ ತಮ್ಮ ಮುಖವನ್ನು ನಾನು ಸಾಯುವವರೆಗೂ ಮರೆಯಲಾರೆ.

ಚಿಲಕ ಸರಿಯಾಗಿ ಬೀಳುವ ಕೋಣೆ ನಮ್ಮಲ್ಲಿರುವುದು ಒಂದೇ, ಅದು ಟ್ರಯಲ್ ರೂಮು. ಆದ್ದರಿಂದ ಪೆಟ್ಟಿಗೆಯಲ್ಲಿಟ್ಟ ಮರಿಗೆ ಟ್ರಯಲ್ ರೂಮು, ಗಿರಾಕಿಗಳಿಗೆ ಅಡುಗೆಮನೆ ಎಂದಾಯಿತು. ಪ್ಯಾಂಟು ಹಾಕಿ ನೋಡಲು ಬಂದ ಮ್ಯಾನೇಜರರು ಫ್ರಿಜ್ಜಿನ ಮರೆಯಲ್ಲಿ ಒಂಟಿ ಕಾಲಲ್ಲಿ ನಿಂತಿದ್ದಾಗ, ನಮ್ಮ ಯಜಮಾನರು ಹಾಲು ತೆಗೆಯಲೆಂದು ಹೋದದ್ದರಿಂದ ಇಬ್ಬರಿಗೂ ಆದ ಮುಜುಗರವನ್ನು ಇಲ್ಲಿ ವಿವರಿಸುವುದಿಲ್ಲ. ತಾವಾದರೋ ಟ್ರಯಲ್ ರೂಮಿನ ಬಾಗಿಲಲ್ಲಿ ಠಿಕಾಣಿ ಹೂಡಿದಿರಿ.

ಮೂರನೆಯ ದಿನ ಮಧ್ಯಾಹ್ನ ತಾವು ನಾನೆಂದೂ ಕೇಳಿರದ ಸ್ವರದಲ್ಲಿ ಅರಚುತ್ತ ಬಾಗಿಲು ಕೆರೆಯತೊಡಗಿದಿರಿ. ನಾನು ಟೇಪು ಬೀಸಿ ಓಡಿಸಿದೆ. ಮತ್ತೆ ಬಂದಿರಿ. ಹೊಟ್ಟೆಬಾಕ ಎಂದು ಬೈದೆ. ಮೂರನೆಯ ಸಲ, ತಮಗೊಂದು ಬುದ್ಧಿ ಕಲಿಸಲೇಬೇಕೆಂದು ಎದ್ದುಹೋದವಳು, ಒಳಗೆ ಏನೋ ಪಟಪಟ ಬಡಿಯುವ ಸದ್ದು ಕೇಳಿ ಬಾಗಿಲು ತೆರೆದೆ. ಮರಿ ಪೆಟ್ಟಿಗೆಯ ಅಂಚಿನಿಂದ ತಲೆಕೆಳಗಾಗಿ ನೇತಾಡುತ್ತಿತ್ತು. ಅದರ ಕಾಲಿಗೆ ದಾರ ಸುತ್ತಿಕೊಂಡಿತ್ತು. ಎಳೆದಷ್ಟೂ ಬಿಗಿಯಾಗಿ ಕಾಲು ನೀಲಿಗಟ್ಟಿತ್ತು.

ಆ ದಾರ ಎಲ್ಲಿಯದೆಂದು ಈಗ ಹೇಳಲೇಬೇಕು. ಬೇರೆ ಯಾರ ಮನೆಯಲ್ಲೂ ಹಕ್ಕಿಗೆ ಇಂಥ ಹಾಸಿಗೆ ಸಿಕ್ಕಿರಲಾರದೆಂಬ ಜಂಬದಲ್ಲಿ, ಕೋಟಿನ ಅಸ್ತರಿನ ಚೂರುಗಳ ಮೇಲೆ, ಯಂತ್ರದ ಕೆಳಗೆ ಬಿದ್ದ ದಾರದ ತುಂಡುಗಳನ್ನೆಲ್ಲ ಗುಡಿಸಿ ತಂದು ಮೆತ್ತೆ ಮಾಡಿದವಳು ನಾನೇ. ನನ್ನ ಕತ್ತರಿಯ ತುದಿ ಆ ಸುತ್ತುಗಳ ಕೆಳಗೆ ತೂರಲೇ ಇಲ್ಲ. ಕೊನೆಗೆ ಅತ್ತೆಯೇ ಕನ್ನಡಕ ಏರಿಸಿ, ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಒಂದೊಂದೇ ಸುತ್ತು ಕತ್ತರಿಸಿದರು. ಅಷ್ಟು ಹೊತ್ತೂ ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡುವುದರಲ್ಲಿ ಏನೂ ಇಲ್ಲ.

ಮುಚ್ಚಿಟ್ಟದ್ದು ಬೇರೆ ಇದೆ. ಡಾಕ್ಟರಮ್ಮ ಕಾಲು ನೋಡಿ, "ಇನ್ನೊಂದು ಗಂಟೆ ಬಿಟ್ಟಿದ್ರೆ ಕಾಲು ಹೋಗ್ತಿತ್ತು. ಬೆಕ್ಕು ಎಳೆದಾಡಿರ್ಬೇಕು, ಅಲ್ವಾ?" ಎಂದು ಕೇಳಿದಾಗ ನಾನು ಹೌದೆಂದು ತಲೆಯಾಡಿಸಿದೆ. ಅವರು ಹಾಗೆಯೇ ಚೀಟಿಯಲ್ಲಿ ಬರೆದುಕೊಂಡರು. ಮನೆಗೆ ಬಂದ ಮೇಲೆ ತಾವು ಯಜಮಾನರಿಂದ ಕಿವಿ ಹಿಂಡಿಸಿಕೊಂಡಿರಿ. ಆಗಲೂ ನಾನು ತುಟಿ ಬಿಚ್ಚಲಿಲ್ಲ.

ಐದನೆಯ ದಿನ ಮರಿಯನ್ನು ಹಿತ್ತಲ ಗೋಡೆಯ ಪೊದೆಯಲ್ಲಿ ಬಿಟ್ಟೆವು. ಹತ್ತು ನಿಮಿಷದಲ್ಲಿ ಅದರ ತಾಯಿ ಹುಳ ಕಚ್ಚಿಕೊಂಡು ಬಂತು. ಮರಿ ಹಾರಲು ಕಲಿಯುವವರೆಗೆ ತಾವು ಒಳಗಿರಬೇಕೆಂಬುದು ಡಾಕ್ಟರಮ್ಮನ ಆಜ್ಞೆ, ನನ್ನ ಸೇಡಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂಬ ಹಳೆಯ ಪ್ರಶ್ನೆಗೂ ನಮ್ಮ ಮನೆಯಲ್ಲಿ ಉತ್ತರ ಸಿಕ್ಕಿದೆ: ಅತ್ತೆ. ಅವರು ಗಂಟೆ ಕಟ್ಟಿ, ಗುಂಡಿ ಹಚ್ಚಿ ಹೊಲಿದಿರುವ ಕೊರಳಪಟ್ಟಿಯನ್ನು ತಾವು ಪದಕವೆಂದು ಭಾವಿಸಿ ಧರಿಸಬೇಕು. ಮುಂದೆ ಬೇಟೆಗೆ ಹೊರಡುವಾಗ ಎದುರು ಪಕ್ಷಕ್ಕೆ ಎರಡು ದಿನ ಮೊದಲೇ ಲಿಖಿತ ಸೂಚನೆ ಕೊಡಬೇಕು. ಎಂಜಲನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಮತ್ತು ನಾನು ಬೈಯುವಾಗ ಸತ್ಯ ಗೊತ್ತಿದ್ದವರ ಹಾಗೆ ಕಣ್ಣು ಕಿರಿದು ಮಾಡಿ ನೋಡುವುದನ್ನು ಕೂಡಲೇ ನಿಲ್ಲಿಸಬೇಕೆಂದು ಪ್ರಾರ್ಥನೆ.

ಟೇಪು ಬೀಸಿದ್ದಕ್ಕೆ ನಾಚಿರುವ,
ತಮ್ಮ ವಿಶ್ವಾಸಿ,
ಟೈಲರಮ್ಮ

ತಾ.ಕ.: ಈ ಪತ್ರಕ್ಕೆ ಗೋಂದು ಹಚ್ಚುತ್ತಿದ್ದಾಗಲೇ ಮರಿ ಪೊದೆಯಿಂದ ಎದುರುಮನೆಯ ತಂತಿಗೆ ಹಾರಿ, ಎರಡೂ ಕಾಲೂರಿ ಕುಳಿತಿತು. ತಮಗೆ ಬಿಡುಗಡೆಯಾಗಿದೆ, ಬಾಗಿಲು ತೆರೆದಿದೆ. ಅದರ ತಾಯಿ ತಮ್ಮ ತಲೆಯನ್ನೇ ಗುರಿಯಿಟ್ಟು ಕಾಯುತ್ತಿದೆ. ದಾರದ ಸಂಗತಿ ಪಾಪ ಅದಕ್ಕಿನ್ನೂ ತಿಳಿದಿಲ್ಲ. ಕುಕ್ಕಿಸಿಕೊಳ್ಳುವಾಗ ದಯವಿಟ್ಟು ನನ್ನ ಹೆಸರು ಹೇಳಬೇಡಿ.