ಸಂಜೀವಯ್ಯನವರ ಬ್ರೇಕು

ನಿಂಗರಾಜನ ಆ ಭಾನುವಾರವನ್ನು ಹಾಳು ಮಾಡಿದ್ದು ಒಂದು ಚಿಟಿಕೆ ಕುಂಕುಮ. ಸಾಲದ್ದಕ್ಕೆ ಅವತ್ತು ಮಹಾಲಯ ಅಮಾವಾಸ್ಯೆ ಬೇರೆ.

ಬಾಗಲಕೋಟೆ ಕಡೆಯ ಈ ನಿಂಗರಾಜ ಇಟ್ಟಮಡುವಿನಲ್ಲಿ ತಿಮ್ಮರಾಯಪ್ಪನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಓನರ ಅಣ್ಣ ಸಂಜೀವಯ್ಯ ತೀರಿಕೊಂಡ ಮೇಲೆ ಅವರ ಹಳೇ ಕಾರನ್ನು ಇವನೇ ಕೊಂಡಿದ್ದ. ಬ್ರೇಕು ಸವೆದಿತ್ತು. ಮುಂದಿನ ಚಕ್ರಗಳಿಗೆ ಹೊಸ ಪ್ಯಾಡು, ಆ ಪ್ಯಾಡನ್ನು ಹಿಡಿದು ಅಮುಕುವ ಹೊಸ ಕ್ಯಾಲಿಪರು ತಂದು, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ತಾನೇ ಹಾಕುತ್ತೇನೆಂದು ಹೊರಟ.

"ನಮ್ ಭಾವನೋರ ಗಾಡಿ ಸಾಮಾನು, ಪೂಜೆ ಆಗ್ದೆ ಹಾಕ್ಬಾರ್ದು ಕಣಪ್ಪ," ಎಂದು ಓನರ ಹೆಂಡತಿ ಅಕ್ಕಯಮ್ಮ ಎರಡೂ ಕ್ಯಾಲಿಪರನ್ನು ದೇವರ ಕೋಣೆಗೆ ಒಯ್ದು, ಅರಿಶಿನ ಬಳಿದು, ಕುಂಕುಮ ಮೆತ್ತಿ ತಂದುಕೊಟ್ಟರು. ಓನರಮ್ಮನಿಗೆ ಬೇಡ ಅನ್ನಲು ಬಾಡಿಗೆಯವನಿಗೇನು ಎರಡು ತಲೆಯೇ?

ಮಧ್ಯಾಹ್ನದ ಹೊತ್ತಿಗೆ ಜೋಡಿಸಿ ಮುಗಿಸಿ ಬ್ರೇಕು ತುಳಿದ. ಪೆಡಲು ನಿಲ್ಲಲೇ ಇಲ್ಲ. ಎಂಜಿನ್ ಆಫ್ ಮಾಡಿ ನಾಲ್ಕಾರು ಸಲ ತುಳಿದರೆ ಕಲ್ಲಿನಂತೆ ಗಟ್ಟಿಯಾಯಿತು. ಕಾಲಿಟ್ಟುಕೊಂಡೇ ಮತ್ತೆ ಸ್ಟಾರ್ಟ್ ಮಾಡಿದರೆ, ಒಳಗಿನಿಂದ ಯಾರೋ ಪಾದ ಹಿಡಿದು ಎಳೆದಂತೆ ಮೆಲ್ಲಗೆ ನೆಲ ಮುಟ್ಟಿತು. ಗೇಟಿನ ಬಳಿ ಮಲಗಿದ್ದ ಬೀದಿನಾಯಿ ಎದ್ದು, ಅವನ ಪಕ್ಕದ ಖಾಲಿ ಸೀಟನ್ನೇ ನೋಡುತ್ತಾ ಹಿಂದೆ ಹಿಂದೆ ಸರಿಯಿತು.

"ಭಾವನೋರೇ!" ಬಾಗಿಲಲ್ಲಿ ನಿಂತಿದ್ದ ಅಕ್ಕಯಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ಬದುಕಿದ್ದಾಗ್ಲೂ ಅಷ್ಟೇ, ಯಾರು ನಿಲ್ಲು ಅಂದ್ರೂ ನಿಲ್ತಿರ್ಲಿಲ್ಲ. ಒಳಗೆ ಎಡೆ ಇಟ್ಟಿದೀನಿ. ಊಟಕ್ಕೆ ಬರ್ದೆ ಕಾರಲ್ಲೇ ಕೂತವ್ರೆ."

ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸು ಎಂದರು. ಹತ್ತಿಸಿದ. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಕಾರು ನಿಲ್ಲದೆ ಸೀದಾ ಹೋಗಿ ಗೇಟಿಗೆ ಗುದ್ದಿತು.

ತಿಮ್ಮರಾಯಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಹೊರಬಂದರು. "ನೋಡಿ ನಿಂಗರಾಜು, ಕತ್ಲಾಗೋದ್ರೊಳಗೆ ನಮ್ಮಣ್ಣನ್ನ ಆ ಕಾರಿಂದ ಇಳಿಸ್ಬೇಕು. ಇಲ್ಲಾಂದ್ರೆ ನೀವು ಮನೆ ಖಾಲಿ ಮಾಡ್ಬೇಕು. ಅಷ್ಟೇ."

ಮಹಡಿ ಮೆಟ್ಟಿಲ ಮೇಲಿಂದ ಹೆಂಡತಿ ಶೈಲಶ್ರೀ ಇಳಿದು ಬಂದಳು. "ರೀ, ಕಾವೇರಿ ನೀರ ಬರೂ ಮನಿ ಇದು. ಬಿಟ್ರ ಇಂಥಾದ್ದು ಮತ್ತ ಸಿಗಂಗಿಲ್ಲ. ಹ್ಯಾಂಗರ ಮಾಡಿ ಅವ್ರನ್ನ ಇಳಸ್ರಿ."

"ಹುಚ್ಚಿ ಅದೀಯೇನ? ದೆವ್ವನೂ ಇಲ್ಲ, ಏನೂ ಇಲ್ಲ," ಎಂದ ನಿಂಗರಾಜ. ಹಾಗೆ ಅಂದವನು ಪಕ್ಕದ ಸೀಟಿನ ಕಡೆ ಮಾತ್ರ ಕಣ್ಣು ಹಾಯಿಸಲಿಲ್ಲ. ಅವನಿಗೆ ನಿಜಕ್ಕೂ ಭಯವಾಗಿತ್ತು.

ಫೋನ್ ಮಾಡಿದ್ದಕ್ಕೆ ತಿಲಕ್ ನಗರದಿಂದ ಆಫೀಸಿನ ಗೆಳೆಯ ಮುತ್ತುರಾಜ ಬಂದ. ಚಕ್ರ ಬಿಚ್ಚಿ, ಕ್ಯಾಲಿಪರನ್ನು ಬಟ್ಟೆಯಲ್ಲಿ ಒರೆಸಿದ. ಕುಂಕುಮದ ಅಡಿಯಿಂದ, ಎಡಗಡೆಯದು ಎಂಬ ಗುರುತಿನ 'L' ಅಕ್ಷರ ಎದ್ದಿತು.

"ಮಗಾ, ಎಡಗಡೇದು ಬಲಕ್ಕೆ, ಬಲಗಡೇದು ಎಡಕ್ಕೆ ಹಾಕಿದೀಯಲ್ಲೋ! ಏರ್ ತೆಗೆಯೋ ನಿಪ್ಪಲ್ ಮೇಲಿರ್ಬೇಕು, ಇಲ್ಲಿ ಕೆಳಗಿದೆ. ಬ್ರೇಕ್ ಎಣ್ಣೇಲಿರೋ ಏರೆಲ್ಲ ಮೇಲೇ ಸಿಕ್ಕಾಕೊಂಡಿದೆ. ಪೆಡಲ್ ಎಲ್ಲಿಂದ ನಿಲ್ಲುತ್ತೆ?"

ಅದಲು ಬದಲು ಮಾಡಿದರು. ಮುತ್ತುರಾಜ ಪೆಡಲು ತುಳಿದ, ನಿಂಗರಾಜ ಕೆಳಗೆ ಕೂತು ನಿಪ್ಪಲ್ ಸಡಿಲಿಸಿದ. ಪೈಪಿನಿಂದ ಬಾಟಲಿಗೆ ಎಣ್ಣೆಯ ಜೊತೆ ಗುಳ್ಳೆಗಳು ಬುಳುಬುಳು ಬಂದವು. ಅಕ್ಕಯಮ್ಮ ಕಣ್ಣು ಮಿಟುಕಿಸದೆ ನೋಡಿದರು. ಕೊನೆಗೆ ಗುಳ್ಳೆ ನಿಂತಿತು, ಪೆಡಲು ಗಟ್ಟಿಯಾಯಿತು, ಕಾರು ಹೇಳಿದ ಜಾಗದಲ್ಲಿ ನಿಂತಿತು. ನಿಂಗರಾಜನಿಗೆ ಕುಣಿಯುವಷ್ಟು ಖುಷಿ. ಮುತ್ತುರಾಜ ಕೈ ತೊಳೆದುಕೊಂಡು ಹೊರಟುಹೋದ.

"ಇಳಿಸಿದ್ರಾ?" ಕೇಳಿದರು ತಿಮ್ಮರಾಯಪ್ಪ.

"ಇಳದ್ರು ನೋಡ್ರಿ ಸರ್."

"ನಾನೇ ಕಣ್ಣಾರೆ ನೋಡ್ದೆ," ಅಂದರು ಅಕ್ಕಯಮ್ಮ. "ಬಾಟ್ಲಿಂದ ಬುಳುಬುಳು ಅಂತ ಹೊರಗೆ ಬಂದ್ರು."

ಸಂಜೆ ಕವಿಯುತ್ತಿತ್ತು. ತಿಮ್ಮರಾಯಪ್ಪ ಕಾಂಪೌಂಡನ್ನೊಮ್ಮೆ, ಮಹಡಿಯ ಮೆಟ್ಟಿಲನ್ನೊಮ್ಮೆ ನೋಡಿ ದನಿ ತಗ್ಗಿಸಿದರು. "ಇಳಿದು ಎಲ್ಲಿಗೆ ಹೋದ್ರು?"

ನಿಂಗರಾಜ ಕೈಲಿದ್ದ ಬಾಟಲಿಯನ್ನು ನೋಡಿದ.

"ಅಯ್ಯೋ ನಿಮ್ಮ!" ತಿಮ್ಮರಾಯಪ್ಪ ಹಣೆ ಚಚ್ಚಿಕೊಂಡರು. "ಮಹಡಿ ನಂದು ನಂದು ಅಂತ ಸಾಯೋವರ್ಗೂ ಜಗಳ ಆಡಿದ ಮನುಷ್ಯ. ತೆಪ್ಪಗೆ ಕಾರಲ್ಲಿ ಕೂತಿದ್ರು. ಅವ್ರನ್ನ ತಂದು ಕಾಂಪೌಂಡೊಳಗೆ ಬಿಟ್ಬಿಟ್ರಲ್ರೀ! ವಾಪಸ್ ಕೂರ್ಸಿ. ಈಗ್ಲೇ! ಇಲ್ಲಾಂದ್ರೆ ನಾಳೇನೇ ಗಂಟುಮೂಟೆ ಕಟ್ಟಿ."

ಶೈಲಶ್ರೀ ಕಣ್ಣಲ್ಲೇ ಬೇಡಿಕೊಂಡಳು. ಕಷ್ಟಪಟ್ಟು ತೆಗೆದ ಏರನ್ನು ಮತ್ತೆ ತುಂಬಲು ನಿಂಗರಾಜನಿಗೇನು ಹುಚ್ಚೇ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಚಕ್ರದ ಬಳಿ ಕೂತ. ನಿಪ್ಪಲಿಗೆ ಸ್ಪ್ಯಾನರ್ ಮುಟ್ಟಿಸಿದ, ತಿರುಗಿಸಲಿಲ್ಲ. ಅಕ್ಕಯಮ್ಮ ಕರ್ಪೂರ ಹಚ್ಚಿ, ಕಾರಿನ ಬಾಗಿಲು ತೆರೆದು ಹಿಡಿದು, "ಬನ್ನಿ ಭಾವ, ಕೂತ್ಕೊಳ್ಳಿ," ಎಂದು ಕರೆದರು. ನಿಂಗರಾಜ ತಲೆ ತಗ್ಗಿಸಿ ನಗು ನುಂಗಿಕೊಂಡ. ಗಾಳಿಯೇ ಇರಲಿಲ್ಲ, ಆದರೂ ಕರ್ಪೂರ ಆರಿತು. ಅಕ್ಕಯಮ್ಮ ಮೆಲ್ಲಗೆ ಬಾಗಿಲು ಹಾಕಿದರು.

"ಆತ್ರಿ, ಒಳಗ ಹೋದ್ರು," ಎಂದು ನಿಂಗರಾಜ ಎದ್ದ. ಕಾರನ್ನು ಗೋಡೆ ಬದಿಗೆ ನಿಲ್ಲಿಸೋಣವೆಂದು ಹತ್ತಿ ಕೂತು, ಸ್ಟಾರ್ಟ್ ಮಾಡಿ, ಬ್ರೇಕಿನ ಮೇಲೆ ಕಾಲಿಟ್ಟ.

ಪೆಡಲು ಮೆಲ್ಲಗೆ, ಬಲು ಸಲೀಸಾಗಿ, ನೆಲ ಮುಟ್ಟಿತು.

ಬಗ್ಗಿ ನೋಡಿದ. ಚಕ್ರದ ಕೆಳಗೆ ಒಂದು ಹನಿ ಎಣ್ಣೆಯೂ ಸೋರಿರಲಿಲ್ಲ. ಮತ್ತೆ ತುಳಿದ. ಮತ್ತೆ ನೆಲ. ಈ ಸಲ ಕಾಲು ಬಿಡಿಸಿಕೊಳ್ಳಲು ಸ್ವಲ್ಪ ಎಳೆಯಬೇಕಾಯಿತು.

ಹೊರಗಿನಿಂದ ತಿಮ್ಮರಾಯಪ್ಪ ಗಾಜಿಗೆ ಮುಖ ತಂದು ಕೇಳಿದರು. "ಸರಿಯಾಗಿ ಕೂತ್ಕೊಂಡ್ರಾ? ಹಂಗಾದ್ರೆ ಮನೆ ನಿಮ್ದೇ ಕಣ್ರೀ, ಎಷ್ಟು ವರ್ಷ ಬೇಕಾದ್ರೂ ಇರಿ."

ನಿಂಗರಾಜ ಪಕ್ಕದ ಸೀಟಿನ ಕಡೆ ತಿರುಗದೆ ಹೇಳಿದ: "ಕೂತಾರ್ರಿ."